ಅಕ್ಕನಿಗೆ ಕೊಟ್ಟ ಕುಪ್ಪಸಗಳು

ಅಕ್ಕನೂ ನಾನೂ ಸಣ್ಣಂದಿನಿಂದ ದಪ್ಪ. ಬನಹಟ್ಟಿಯ ನಮ್ಮ ಓಣಿಯಲ್ಲಿ ಹೆಸರು ಹಿಡಿದು ಕರೆಯುವವರೇ ಕಡಿಮೆ. ದೊಡ್ಡ ಡುಮ್ಮಿ, ಸಣ್ಣ ಡುಮ್ಮಿ ಅಂದರೆ ಸಾಕಿತ್ತು. ಯಾರಾದರೂ ನಕ್ಕರೆ ಅಕ್ಕ ಅವರಿಗಿಂತ ಜೋರಾಗಿ ನಕ್ಕುಬಿಡುತ್ತಿದ್ದಳು. ಅವಳ ಪಕ್ಕ ನಿಂತಾಗ ನನ್ನ ನಾಚಿಕೆ ಅರ್ಧ ಇಳಿಯುತ್ತಿತ್ತು.

ಅವಳನ್ನು ಸಾವಳಗಿಗೆ ಕೊಟ್ಟರು. ನಾನು ಜಮಖಂಡಿಯ ಒಂದು ಶಾಲೆಯಲ್ಲಿ ಟೀಚರ್ ಆದೆ. ನಲವತ್ತಕ್ಕೆ ಬರುವಷ್ಟರಲ್ಲಿ ನೂರಿಪ್ಪತ್ತು ಕಿಲೋ ದಾಟಿದ್ದೆ. ಸಕ್ಕರೆ ಕಾಯಿಲೆ ಬಂತು. ಮೆಟ್ಟಿಲು ಹತ್ತಿ ಹೋದರೆ, ಪಾಠ ಶುರು ಮಾಡುವ ಮೊದಲು ಮೇಜು ಹಿಡಿದು ನಿಲ್ಲಬೇಕಾಗುತ್ತಿತ್ತು. ಬೆಳಗಾವಿಯ ಡಾಕ್ಟರು ಹೊಟ್ಟೆಯ ಚೀಲವನ್ನೇ ಸಣ್ಣದು ಮಾಡುವ ಆಪರೇಶನ್ ಹೇಳಿದರು. ಗಂಡ ಒಪ್ಪಿದರು. ಅಕ್ಕ ಮಾತ್ರ, “ಛಲೋ ಇದ್ದ ಹೊಟ್ಟಿ ಯಾಕ ಕೊಯ್ಸಿಕೊಳ್ಳಾಕತ್ತಿ?” ಎಂದಳು.

ಆದರೂ ಆರೈಕೆಗೆ ಬಂದವಳು ಅವಳೇ. ಒಂದು ತಿಂಗಳು ಇದ್ದು, ಬೇಳೆಕಟ್ಟನ್ನು ಬಟ್ಟೆಯಲ್ಲಿ ಸೋಸಿ ಚಮಚೆಯಲ್ಲಿ ಕುಡಿಸಿದಳು. ನನ್ನೆದುರು ಊಟಕ್ಕೆ ಕೂಡುತ್ತಿರಲಿಲ್ಲ. ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಒಬ್ಬಳೇ ಉಣ್ಣುತ್ತಿದ್ದಳು.

ವರ್ಷದೊಳಗೆ ನಲವತ್ತೈದು ಕಿಲೋ ಇಳಿದೆ. ದಿನಾ ನಡಿಗೆ, ಸಣ್ಣ ಬಟ್ಟಲಿನಷ್ಟೇ ಊಟ, ತಪ್ಪದೆ ಮಾತ್ರೆ. ಕೂದಲು ಉದುರಿತು, ತೋಳಿನ ಚರ್ಮ ಜೋತುಬಿತ್ತು. ಓಣಿಯವರು ಗಂಡನನ್ನು ಬದಿಗೆ ಕರೆದು, “ಟೀಚರಿಗೆ ಏನರ ದೊಡ್ಡ ಬ್ಯಾನಿ ಐತೇನ್ರಿ?” ಎಂದು ಕೇಳಿದರು. ಕನ್ನಡಿಯಲ್ಲಿ ನೋಡಿಕೊಂಡರೆ ನನಗೂ ಹಾಸಿಗೆ ಹಿಡಿದಿದ್ದ ಅವ್ವನ ಮುಖವೇ ಕಾಣುತ್ತಿತ್ತು.

ದೀಪಾವಳಿಗೆ ಅಕ್ಕ ಬಂದಾಗ ನಾನೊಂದು ತಪ್ಪು ಮಾಡಿದೆ. ನನ್ನ ಹಳೆಯ ಕುಪ್ಪಸಗಳನ್ನೆಲ್ಲ ತೊಳೆದು, ಇಸ್ತ್ರಿ ಮಾಡಿ, ಚೀಲದಲ್ಲಿ ತುಂಬಿ ಅವಳ ಕೈಗಿಟ್ಟೆ. ಒಳ್ಳೆಯ ಬಟ್ಟೆ ಹಾಳಾಗಬಾರದು ಅಂತಷ್ಟೇ ಕೊಟ್ಟದ್ದು. ಮನಸ್ಸಿನಲ್ಲಿ ಇದ್ದದ್ದು ಅಷ್ಟೇ ಎಂದು ಈಗ ಖಾತ್ರಿಯಾಗಿ ಹೇಳಲಾರೆ.

ಅಕ್ಕ ಚೀಲದೊಳಗೆ ನೋಡಿದಳು. “ನಿನಗ ಸಾಕಾದ ಮೈ ನನಗ ಕೊಡಾಕತ್ತಿಯೇನ?” ಎಂದಳು. ಸಂಜೆಯ ಬಸ್ಸಿಗೇ ಹೊರಟುಹೋದಳು.

ಎರಡು ತಿಂಗಳು ಫೋನ್ ಎತ್ತಲಿಲ್ಲ. ಒಂದು ರವಿವಾರ ನಾನೇ ಸಾವಳಗಿಗೆ ಹೋದೆ. ಮಾತಿಲ್ಲದೆ ತಾಟು ಇಟ್ಟು, ಎರಡು ಶೇಂಗಾ ಹೋಳಿಗೆ ಹಾಕಿ, ತುಪ್ಪ ಸುರಿದಳು. ಒಲ್ಲೆ ಎನ್ನುವ ಧೈರ್ಯವಾಗದೆ ಎರಡನ್ನೂ ತಿಂದೆ. ಸಣ್ಣದಾದ ಹೊಟ್ಟೆ ಅಷ್ಟು ಸಿಹಿ, ತುಪ್ಪ ತಡೆಯಲಿಲ್ಲ; ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವರಿ, ಎದೆ ಡಬಡಬ ಹೊಡೆದುಕೊಂಡಿತು. ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಕಾರಿಕೊಂಡೆ. ಅಕ್ಕ ನನ್ನ ಹಣೆ ಹಿಡಿದಿದ್ದಳು.

“ಒಲ್ಲೆ ಅನ್ನಾಕ ಬಾಯಿ ಇರಲಿಲ್ಲೇನ?” ಎಂದು ಬೈದಳು.

“ನೀ ಮತ್ತ ಸಿಟ್ಟಾಗ್ತಿ ಅಂತ ತಿಂದೆ ಬೇ.”

ನೀರು ಕುಡಿಸಿ ಹೊರಸಿನ ಮೇಲೆ ಮಲಗಿಸಿದಳು. ನನ್ನ ಕಡೆ ನೋಡದೆ ಕೇಳಿದಳು: “ನನ್ನ ಮೊಣಕಾಲು ಹೋಗ್ಯಾವು. ಇಲ್ಲಿ ಡಾಕ್ಟರು ನನಗೂ ಆ ಹೊಟ್ಟಿ ಆಪರೇಶನ್ ಮಾಡಿಸ್ಕೊ ಅಂತಾರ. ಖರೆ ಹೇಳು, ಮತ್ತೊಮ್ಮಿ ಆಗಿದ್ರ ನೀ ಮಾಡಿಸ್ಕೊತಿದ್ದಿಯೇನ?”

“ಹೂಂ, ಮಾಡಿಸ್ಕೊತಿದ್ದೆ,” ಎಂದೆ. “ಆದ್ರ ಇಷ್ಟು ಒಬ್ಬಾಕಿ ಆಗ್ತೀನಿ ಅಂತ ಗೊತ್ತಿರಲಿಲ್ಲ.”

ಅಕ್ಕ ಹೊರಸಿನ ಅಂಚಿಗೆ ಬಂದು ಕೂತಳು.

ಮುಂದಿನ ತಿಂಗಳು ಇಬ್ಬರೂ ಬೆಳಗಾವಿಗೆ ಹೋದೆವು. ಅವಳ ಎದೆ ಪರೀಕ್ಷಿಸಿದ ಡಾಕ್ಟರು, ಈಗಲೇ ಆಪರೇಶನ್ ಬೇಡ, ಮೊದಲು ಸ್ವಲ್ಪ ತೂಕ ಇಳಿಸಿಕೊಂಡು ಬರಲಿ ಎಂದರು. ಅಕ್ಕ ಈಗ ಹೊಲದ ದಾರಿಯಲ್ಲಿ ಕೋಲೂರಿಕೊಂಡು ನಡೆಯುತ್ತಾಳಂತೆ. ದಿನಾ ಫೋನಿನಲ್ಲಿ ಮಾತಾಡುತ್ತೇವೆ. ತೂಕ ಎಷ್ಟಾಯಿತೆಂದು ನಾನು ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ.