ಅಮಾಸಿ ದಿನ ಅಳಿಸಿದ ಅಸುಂಡಿ

ಒಂದು ರ‍್ಯಾಮ್, ಒಂದು ಪೆನ್‌ಡ್ರೈವ್, ಮದುವೆ ಸೀಸನ್ನಿನ ಒಂದು ವಾರದ ದುಡಿಮೆ... ಮತ್ತೆ ಒಂದು ಪ್ರಶ್ನೆಗೆ ಕಟ್ಟಿಹೋದ ನನ್ನ ಬಾಯಿ. ಒಟ್ಟು ಖರ್ಚು ಇಷ್ಟು.

ಲಕ್ಷ್ಮೇಶ್ವರದಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಅಂಗಡಿ. ಲಗ್ನಪತ್ರಿಕೆ, ಬ್ಯಾನರ್, ಬಿಲ್‌ಬುಕ್. ಕಂಪ್ಯೂಟರ್ ಒಂದೇ.

ಅದರ ಮುಂದೆ ಕೂರುವವಳು ಶಕೀಲಾ, ನಮ್ಮ ಟೈಪಿಸ್ಟ್. ಟೈಪಿಸ್ಟ್ ಅಂತ ಹೆಸರಿಗಷ್ಟೇ. ಖರೆ ಹೇಳಬೇಕಂದ್ರೆ ಅಂಗಡಿ ನಡೆಸುವವಳೇ ಅವಳು, ನಾನು ಗಿರಾಕಿಗಳ ಜೊತೆ ಮಾತಾಡಿ ಚಹಾ ತರಿಸುವವನು.

ಗದಗಿನಲ್ಲಿ ಭಾನುವಾರದ ವೆಬ್ ಡೆವಲಪ್‌ಮೆಂಟ್ ಕ್ಲಾಸಿಗೆ ಸೇರಿದಳು. ಫೀ ಇಲ್ಲ, ಆದರೆ ವಯಸ್ಸಿನ ಮಿತಿ ಇದೆ, ಅವಳಿಗೆ ಇದೇ ಕಡೇ ಬ್ಯಾಚು. ಕೊನೆಗೆ ಒಂದು ವೆಬ್‌ಸೈಟ್ ಕಟ್ಟಿ ತೋರಿಸಿದರೆ ಅವರೇ ಕೆಲಸಕ್ಕೂ ಹಚ್ಚುತ್ತಾರೆ.

ಮನೆಯಲ್ಲಿ ಕಂಪ್ಯೂಟರ್ ಇಲ್ಲ. "ಕಾಕಾ, ಕೆಲಸ ಮುಗದ ಮ್ಯಾಲೆ ಅಂಗಡಿ ಮಷೀನಿನ್ಯಾಗ ಕಲೀಲೇನ್ರಿ? ವಿಂಡೋಸ್ ಇದ್ದಂಗ ಲಿನಕ್ಸ್ ಅಂತ ಇನ್ನೊಂದೈತಿ, ಕ್ಲಾಸಿಗೆ ಅದನ್ನ ಹಾಕಬೇಕ್ರಿ" ಅಂದಳು.

"ಯವ್ವಾ, ಲಿನಕ್ಸ್ ಗಿನಕ್ಸ್ ಹಾಕಿ ನನ್ನ ಪತ್ರಿಕಿ ಎಲ್ಲಾ ಹಾಳ ಮಾಡಿಗೀಡಿ!"

"ಇಲ್ರಿ ಕಾಕಾ. ಇದರ ಒಳಗ ಇನ್ನೊಂದು ಕಂಪ್ಯೂಟರ್ ಮಾಡ್ತೀನಿ, ವರ್ಚುವಲ್ ಮಷೀನ್ ಅಂತಾರ. ಮನ್ಯಾಗ ಬಾಡಿಗಿ ಖೋಲಿ ಇದ್ದಂಗ. ಅದು ಕೆಟ್ರ ಅದೊಂದ ಕೆಡತೈತಿ."

"ಬಾಡಿಗಿ ಯಾರ್ ಕೊಡ್ತಾರ?" ಅಂದೆ. ನಕ್ಕಳು. ಅಲ್ಲಿಗೆ ಒಪ್ಪಿಗೆ ಆದಂಗೆ.

ಮೊದಲ ದಿನ ಅದು ಚಾಲೂನೇ ಆಗಲಿಲ್ಲ. ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಹಚ್ಚುವಾಗ ಯಾವುದೋ ಕೀ ಒತ್ತಿ, ನೀಲಿ ಪರದೆಯಲ್ಲಿ ಏನೋ ಒಂದನ್ನು ಆನ್ ಮಾಡಿದಳು. ಆಮೇಲೆ ಓಡಿತು, ಎತ್ತಿನಗಾಡಿ ಹಂಗೆ. ಅಂಗಡಿಗೂ ಬೇಕಾಗಿತ್ತು ಬಿಡು ಅಂತ ನನಗೆ ನಾನೇ ಹೇಳಿಕೊಂಡು ರ‍್ಯಾಮ್ ಹಾಕಿಸಿದೆ.

ಅವರಪ್ಪ ಗಾದಿ ಹೊಲಿಯುವವರು. ಅಳತೆ, ಅರಳೆ, ಬಟ್ಟೆ ಆರಿಸಿ ಗಾದಿಗೆ ಆರ್ಡರ್ ಕೊಡುವ ವೆಬ್‌ಸೈಟ್ ಕಟ್ಟತೊಡಗಿದಳು. ದಿನಾ ಸಂಜೆ ಸ್ವಲ್ಪ ಸ್ವಲ್ಪ.

ಈಗ ನಮ್ಮ ಅಂಗಡಿಯ ಪದ್ಧತಿ ಕೇಳ್ರಿ. ಪ್ರತಿ ಲಗ್ನಪತ್ರಿಕೆಯ ಫೋಲ್ಡರಿಗೆ ಆ ಮದುವೆಯವರ ಊರಿನ ಹೆಸರು. ಅಮಾವಾಸ್ಯೆ ಬಂತಂದ್ರೆ ಮಷೀನ್ ಒರೆಸಿ, ಊದಿನಕಡ್ಡಿ ಹಚ್ಚಿ, ಮುಗಿದ ಮದುವೆಗಳನ್ನೆಲ್ಲ ಅಳಿಸೋದು. ಶಕೀಲಾಗೆ ಇದನ್ನು ಕಲಿಸಿದವನು ನಾನೇ.

ಆ ಸಲದ ಅಮಾಸಿ ಭಾನುವಾರ ಬಂತು. ಅವಳು ಕ್ಲಾಸಿಗೆ ಹೋಗಿದ್ದಳು, ಡಿಸ್ಕ್ ಭರ್ತಿಯಾಗಿತ್ತು.

ಹಮ್ಮಿಗಿ ಮದುವೆ ಆಗಿತ್ತು, ಅಳಿಸಿದೆ. ಮಾಗಡಿಯದೂ ಆಗಿತ್ತು, ಅಳಿಸಿದೆ. ಅಸುಂಡಿ... ಅಬ್ಬಾ, ಎಲ್ಲಕ್ಕಿಂತ ದೊಡ್ಡದು! ಯಾವ ಸಾವಕಾರನಪ್ಪಾ ಇಷ್ಟು ಫೋಟೋ ಕೊಟ್ಟವನು ಅಂದುಕೊಂಡು, ವಾಪಸ್ ಬರದ ಹಂಗೆ ಡಿಲೀಟ್ ಒತ್ತಿದೆ. ಖಾಲಿಯಾದ ಜಾಗಕ್ಕೆ ಸಂಜೆಯೊಳಗೆ ಹೊಸ ಮದುವೆಯ ಫೋಟೋ ಸುರುವಿದೆ.

ಸೋಮವಾರ ಬಂದು ಕುಂತವಳು ಫೋಲ್ಡರುಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದಳು.

"ಕಾಕಾ, ಅಸುಂಡಿ ಎಲ್ಲಿ ಹೋತ್ರಿ?"

"ಅಸುಂಡಿ ಮದುವಿ ಆಗಿ ಯಾವ ಕಾಲ ಆತಲ್ಲವ್ವಾ, ತಗದ್ನಿ."

"ಅದು ಮದುವಿ ಅಲ್ರಿ... ನನ್ನ ಮಷೀನು."

ಅಸುಂಡಿ ಅವಳ ತಾಯಿಯ ತವರು. ಅಂಗಡಿ ರೂಢಿಯಂತೆ ತನ್ನ ಫೋಲ್ಡರಿಗೂ ಊರಿನ ಹೆಸರನ್ನೇ ಇಟ್ಟಿದ್ದಳು.

ಅಳಿಸಿದ್ದನ್ನು ವಾಪಸ್ ತರುವ ಸಾಫ್ಟ್‌ವೇರ್ ಹಚ್ಚಿ ನೋಡಿದೆವು. ಹೊಸ ಫೋಟೋ ಮೇಲೆ ಕುಂತಿದ್ದಕ್ಕೆ ಅರ್ಧಂಬರ್ಧ ಏನೋ ಸಿಕ್ಕಿತು, ಓಪನ್ ಆಗಲಿಲ್ಲ. ವೆಬ್‌ಸೈಟ್ ತೋರಿಸುವ ದಿನ ಮುಂದಿನ ಭಾನುವಾರ.

ಅವಳು ಅಳಲಿಲ್ಲ. ಒಂದೇ ಒಂದು ಮಾತು ಕೇಳಿದಳು.

"ಬೇಕಂತ ತಗದ್ರೇನ್ರಿ?"

ಪಾಸಾದರೆ ಅವಳು ಅಂಗಡಿ ಬಿಡ್ತಾಳೆ. ಅದು ನನಗೆ ಗೊತ್ತು. ನನಗೆ ಗೊತ್ತು ಅನ್ನೋದು ಅವಳಿಗೂ ಗೊತ್ತು. ಲೆಕ್ಕಕ್ಕೆ ಕುಂತರೆ ಆ ಡಿಲೀಟಿನಿಂದ ಲಾಭ ಯಾರಿಗೆ? ನನಗೇ. ಇಂಥಾದ್ದರಾಗೆ "ಇಲ್ಲವ್ವಾ" ಅಂದ್ರೆ ಯಾರು ನಂಬ್ತಾರೆ...

ಡಿಸೈನ್ ಕೆಲಸ ಮತ್ತು ಅವಳ ಮಷೀನು, ಎರಡನ್ನೂ ಒಟ್ಟಿಗೆ ಹೊರುವ ತಾಕತ್ತು ನಮ್ಮ ಕಂಪ್ಯೂಟರಿಗಿಲ್ಲ. ಎದ್ದುಹೋಗಿ ಶಟರ್ ಅರ್ಧ ಇಳಿಸಿದೆ. "ಕುಂಡ್ರು. ರವಿವಾರದ ಮಟ ಕಂಪ್ಯೂಟರ್ ನಿಂದು."

ಬಂದ ಆರ್ಡರುಗಳನ್ನೆಲ್ಲ ಶಿರಹಟ್ಟಿ ರಸ್ತೆಯ ಪ್ರೆಸ್ಸಿನವನಿಗೆ ಕಳಿಸಿದೆ. ಅವನು ಫೋನ್ ಹಚ್ಚಿ "ಏನ್ ಮಾಲಕ್ರ, ಅಂಗಡಿ ಮಾರಿದ್ರೇನು? ನಮಗೊಂದು ಮಾತ್ ಹೇಳಬಾರದ?" ಅಂತ ನಕ್ಕ. ನಗಲಿ.

ಮೊದಲ ಸಲ ವಿಡಿಯೋ ನೋಡಿ ನೋಡಿ ವಾರಗಟ್ಟಲೆ ತಿಣುಕಿದ್ದಳಲ್ಲ, ಈಗ ಮಧ್ಯಾಹ್ನದ ಊಟಕ್ಕೆ ಏಳುವಷ್ಟರಲ್ಲಿ ಲಿನಕ್ಸ್ ಎದ್ದು ನಿಂತಿತ್ತು. ವೆಬ್‌ಸೈಟ್ ಮಾತ್ರ ಅಷ್ಟು ಸಲೀಸಲ್ಲ. ಒಂದು ಪುಟ ಎದ್ದರೆ ಇನ್ನೊಂದು ಬೀಳೋದು.

ಸಂಜೆ ಹೋಗುವಾಗ ಎಲ್ಲದರ ಒಂದು ಕಾಪಿ ನಾನು ಕೊಡಿಸಿದ ಪೆನ್‌ಡ್ರೈವಿಗೆ ಹಾಕಿ, ನನ್ನ ಕಣ್ಣೆದುರಿಗೇ ಪರ್ಸಿನಲ್ಲಿಟ್ಟು ಝಿಪ್ ಎಳೆದಳು. ಬೈದಿದ್ರೆ ಹಗುರ ಆಗ್ತಿತ್ತು.

ಗುರುವಾರ ಏನೋ ಒಂದು ಬಟನ್ ಒತ್ತುತ್ತಿದ್ದಳು. ಏನದು ಅಂತ ಕೇಳಿದೆ.

"ಸ್ನ್ಯಾಪ್‌ಶಾಟ್ ಅಂತಾರ್ರಿ. ಇವತ್ತು ಮಷೀನ್ ಹೆಂಗೈತಿ ಹಂಗ ಹಿಡದಿಡೂದು. ನಾಳೆ ಕೆಟ್ರ ಇಲ್ಲಿಗೆ ವಾಪಸ್ ಬರಬಹುದು."

"ಮನಷ್ಯಾರಿಗೆ ಇಲ್ಲೇನಬೇ ಇಂಥಾದ್ದು?"

"ಇದ್ದಿದ್ರ ನೀವು ಅಮಾಸಿ ಹಿಂದಿನ ದಿನಕ್ಕ ಓಡಿ ಹೋಗ್ತಿದ್ರಿ."

ಆ ವಾರದಲ್ಲಿ ಅವಳು ನಕ್ಕಿದ್ದು ಅದೇ ಮೊದಲು. ನಾನು ಚಹಾ ತರಿಸಿದೆ.

ಶನಿವಾರ ನನ್ನನ್ನೇ ಗಿರಾಕಿ ಮಾಡಿ ಕೂರಿಸಿದಳು. ಅಳತೆ ಆರಿಸಿದೆ, ಬಟ್ಟೆ ಆರಿಸಿದೆ, ಒತ್ತಿದೆ. "ಆರ್ಡರ್ ಬಂತ್ರಿ!" ಅಂತ ಎದ್ದೇ ನಿಂತಳು. ಮೊದಲಿನ ಚಂದ ಇರಲಿಲ್ಲ, ಪುಟಗಳೂ ಕಡಿಮೆ. ಆದರೆ ನಡೀತಿತ್ತು.

ಭಾನುವಾರ ಮಧ್ಯಾಹ್ನ ಗದಗಿನಿಂದ ಫೋನ್ ಬಂತು. ಫೋನ್ ನಂಬರಿನ ಜಾಗದಲ್ಲಿ ಅಕ್ಷರ ಹೊಡೆದರೂ ತಗೋತೈತಿ ಅಂತ ಅಲ್ಲಿನ ಸರ್ ಒಂದು ತಪ್ಪು ಹಿಡಿದರಂತೆ. "ಆದ್ರೂ ಪಾಸ್ ಮಾಡ್ಯಾರ್ರಿ ಕಾಕಾ" ಅಂದಳು. ಬಸ್‌ಸ್ಟ್ಯಾಂಡಿನ ಗದ್ದಲದಾಗೆ ಬೇರೇನೂ ಕೇಳಿಸಲಿಲ್ಲ. ಬೇಕಂತ ತೆಗೆದೆನೋ ಇಲ್ಲವೋ, ಅದನ್ನು ಮಾತ್ರ ಮತ್ತೆ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈಗ ಯಾರಿಗೆ ಏನು ದಕ್ಕಿತು ಅಂದ್ರೆ...

ಶಕೀಲಾಗೆ ಗದಗಿನಲ್ಲಿ ಕೆಲಸ. ಅವರಪ್ಪನಿಗೆ ಒಂದು ಆರ್ಡರು, ಅದೂ ನನ್ನದೇ. ಪರೀಕ್ಷೆಗೆ ಕೊಟ್ಟದ್ದನ್ನು ಖರೇನೇ ಹೊಲಿಸಿಕೊಂಡೆ. ನನಗೆ ಒಂದು ಗಾದಿ, ಒಂದು ಖಾಲಿ ಕುರ್ಚಿ.

ಕನ್ನಡ ಟೈಪಿಂಗ್ ಬರುವವರು ಲಕ್ಷ್ಮೇಶ್ವರದ ಕಡೆ ಯಾರಾದರೂ ಇದ್ದರೆ ಹೇಳ್ತೀರೇನ್ರಿ?