ಮತ್ತೆ ಚುಚ್ಚಿದ ಪೆನ್‌ಡ್ರೈವ್

ಫಳ್ನೀರಿನ ನಮ್ಮ ಸ್ಕ್ಯಾನಿಂಗ್ ಸೆಂಟರಿನ ಲಿನಕ್ಸ್ ಸರ್ವರ್ ಕೆಟ್ಟರೆ ತೊಕ್ಕೊಟ್ಟಿನಿಂದ ಒಬ್ಬರು ಅಕ್ಕ ಬರುತ್ತಿದ್ದರು. ಕೀಬೋರ್ಡ್ ಮುಟ್ಟುವ ಮೊದಲು ಕನ್ನಡಕವನ್ನು ಹಣೆಗೇರಿಸಿ, ಯಂತ್ರದ ಹಿಂಬದಿಗೆ ಬಗ್ಗಿ ನೋಡಿ, "ಹೊಸತು ಎಂತ ಉಂಟು?" ಎಂದು ಕೇಳುತ್ತಿದ್ದರು.

ಒಮ್ಮೆ ಪಕ್ಕದ ಆಸ್ಪತ್ರೆಯ ಆಪರೇಷನ್ ಥಿಯೇಟರಿನಿಂದ ಸ್ಕ್ಯಾನಿಗಾಗಿ ಫೋನ್ ಮೇಲೆ ಫೋನ್ ಬರುತ್ತಿದ್ದಾಗ ಸರ್ವರ್ ಆಫ್ ಆಗಿ, ಮತ್ತೆ ಏಳುವಾಗ 'ರೂಟ್ ಮೌಂಟ್ ಆಗದು', ಎಂದರೆ ತನ್ನ ಮೂಲ ಫೈಲುಗಳಿರುವ ಜಾಗವೇ ಸಿಗುತ್ತಿಲ್ಲ, ಎಂದು ನಿಂತುಬಿಟ್ಟಿತು. ಯಂತ್ರದ ಹಿಂಬದಿಯಲ್ಲಿ ಯಾರೋ ಚುಚ್ಚಿ ಮರೆತ ಪೆನ್‌ಡ್ರೈವ್ ಇತ್ತು. ಅದನ್ನೇ ಮೊದಲ ಡಿಸ್ಕೆಂದು ತಿಳಿದು ಯಂತ್ರ ತನ್ನ ರೂಟನ್ನು ಅಲ್ಲಿ ಹುಡುಕುತ್ತಿತ್ತು. ಅಕ್ಕ ಅದನ್ನು ಕಿತ್ತರು. ಸರ್ವರ್ ಎದ್ದಿತು, ಸ್ಕ್ಯಾನ್ ಥಿಯೇಟರಿಗೆ ತಲುಪಿತು.

ಡಿಸ್ಕನ್ನು ಸರದಿಯಿಂದಲ್ಲ, ಅದರ ಸ್ವಂತ ಗುರುತಿನಿಂದ ಹುಡುಕುವಂತೆ ತಿದ್ದಿದವರೇ, ಪೆನ್‌ಡ್ರೈವನ್ನು ಮತ್ತೆ ಚುಚ್ಚಿ ರೀಸ್ಟಾರ್ಟ್ ಒತ್ತಿದರು.

"ಅಯ್ಯೋ ಅಕ್ಕ, ಬೇಡ!" ಎಂದೆ.

"ಹೆದರ್ಬೇಡ ಮಾರಾಯ. ಇನ್ನು ಯಾರು ಚುಚ್ಚಿದ್ರೂ ಇದು ಏಳ್ಬೇಕಲ್ಲ?"

ಎದ್ದಿತು. ಚುಚ್ಚಿದ್ದು ಯಾರೆಂದು ಅವರು ಕೇಳಲೇ ಇಲ್ಲ. ಅಷ್ಟು ಹೊತ್ತೂ ಮೂಲೆಯಲ್ಲಿ ನಿಂತಿದ್ದ ನಮ್ಮ ಟೆಕ್ನಿಷಿಯನ್ ಓಡಿಹೋಗಿ ಅವರಿಗೆ ಚಹಾ ತಂದ.