ಹಗ್ಗ ಹಿಡಿಯಬೇಕಾದವನು

ಡಿಗ್ರಿ ಮುಗಿಸಿ ಕೊಚ್ಚಿಯಲ್ಲಿ ಕೆಲಸಕ್ಕೆ ಸೇರಿದ ಹೊಸತು. ಭಾನುವಾರ ಬಂದರೆ ಸಿನಿಮಾ ನೋಡುವ ಹುಚ್ಚು. ಒಮ್ಮೆ ವಯನಾಡಿನ ಬಾವಲಿ ಕಾಡಿನ, ಅಂದರೆ ನಮ್ಮದೇ ಜನರ ಕಥೆಯ ಸಿನಿಮಾ ಬಂತು. ಅದರಲ್ಲಿ ಜೇನು ಕೀಳಲು ತಮ್ಮ ಬಂಡೆಯಿಂದ ಕೆಳಗಿಳಿದ, ಮೇಲೆ ಅಣ್ಣ ಹಗ್ಗ ಹಿಡಿದ. ನಾನು ನಕ್ಕುಬಿಟ್ಟೆ.

“ಏನು ನಗು?” ಎಂದು ಪಕ್ಕದ ಸೀಟಿನ ಹೆಂಗಸು ಸಿಡುಕಿದರು.

“ನಮ್ಮಲ್ಲಿ ಹೆಂಡತಿಯ ಅಣ್ಣನೇ ಹಗ್ಗ ಹಿಡಿಯೋದು, ಚೇಚಿ. ತಂಗಿಯ ಗಂಡ ಅಂತ ಅವನು ಕೈಬಿಡಲ್ಲ.”

“ಸುಮ್ಮನಿರು. ಮೂರು ವರ್ಷ ಕಾಡಲ್ಲಿದ್ದು ತೆಗೆದ ಸಿನಿಮಾ ಇದು.”

ನಮ್ಮಪ್ಪ ಹುಟ್ಟಿನಿಂದಲೂ ಅಲ್ಲೇ ಇದ್ದಾರೆ ಅನ್ನುವ ಮಾತನ್ನು ನುಂಗಿಕೊಂಡೆ.

ಕೊನೆಗೆ ಆಸ್ತಿಯ ಆಸೆಗೆ ಅಣ್ಣ ಹಗ್ಗ ಬಿಟ್ಟ, ತಮ್ಮ ಸತ್ತ. “ಪಾಪ, ಕಾಡಿನವರಿಗೆ ಬುದ್ಧಿ ಹೇಳೋರೇ ಇಲ್ಲ” ಅಂತ ಆ ಹೆಂಗಸು ಬಿಕ್ಕಿ ಬಿಕ್ಕಿ ಅತ್ತರು. ನನ್ನ ಕರ್ಚೀಫು ಕೊಟ್ಟೆ. ನಾನು ಕೊಟ್ಟದ್ದರಲ್ಲಿ ಅದೊಂದನ್ನು ಮಾತ್ರ ತೆಗೆದುಕೊಂಡರು.